ಪಾರಸೀಕ ವಿಚಾರಲೋಕದಲ್ಲಿ ದೆಕಾರ್ತ್

ಬೈಕುಲ್ಲಾದ ರುಸ್ತುಂ ಬಾಗ್ ಪಾರ್ಸಿಗಳ ವಸತಿಯೆಂಬುದನ್ನು ಮುಂಬಯಿಯ ಕನ್ನಡಿಗರು ಬಲ್ಲರು. ಈ ಸಮಾಜಕ್ಕೂ ಇರಾನಿನ ಆಧುನಿಕ ವಿಚಾರಧಾರೆಗೂ ಇರುವ ನಂಟು ಮಾತ್ರ ಅಷ್ಟು ಪರಿಚಿತವಲ್ಲ. ಇರಾನಿನಲ್ಲಿದ್ದ ತಮ್ಮ ಮತಬಾಂಧವರ ಕಷ್ಟನಿವಾರಣೆಗಾಗಿ ಮುಂಬಯಿಯ ಪಾರ್ಸಿಗಳು 1854ರಲ್ಲಿ ಮಾನೆಕ್‌ಜಿ ಲಿಂಜಿ ಹತಾರಿಯಾ ಅವರನ್ನು ಅಲ್ಲಿಗೆ ಕಳುಹಿಸಿದರು. ಅವರೊಡನೆ ಪತ್ರವ್ಯವಹಾರ ನಡೆಸಿದವರಲ್ಲಿ ಟಿಫ್ಲಿಸ್ ನಗರದ ಲೇಖಕ ಫತ್ ಅಲಿ ಆಖುಂದ್‌ಜಾದೆ ಒಬ್ಬರು. ಐರೋಪ್ಯ ವಿಚಾರವಾದವನ್ನು ಮತಾಧಿಕಾರದ ಖಂಡನೆಗೆ ಬಳಸಿದ ಇವರು, 1860ರ ದಶಕದ ತಮ್ಮ ಪತ್ರರೂಪದ ಕೃತಿಯಲ್ಲಿ ಆ ಮಾತುಗಳನ್ನು ಕಲ್ಪಿತ ಭಾರತೀಯ ರಾಜಕುಮಾರನೊಬ್ಬನಿಂದ ಆಡಿಸಿದರು.

ಆದರೆ ಹೊಸ ವಿಚಾರವು ವಾದಕ್ಕೆ ಆಯುಧವಾಗುವುದು ಬೇರೆ, ತತ್ತ್ವವಾಗಿ ನೆಲೆಗೊಳ್ಳುವುದು ಬೇರೆ. 1862ರ ಸುಮಾರಿಗೆ, ಫ್ರೆಂಚ್ ರಾಯಭಾರಿ ಗೊಬಿನೋ ಅವರ ಪ್ರೇರಣೆಯಿಂದ, ವಿಚಾರವಿಧಾನವನ್ನು ಕುರಿತ ದೆಕಾರ್ತನ ಪ್ರಬಂಧವು ತೆಹರಾನಿನಲ್ಲಿ ಫಾರಸಿಗಿಳಿಯಿತು. ಅನುವಾದಿಸಿದವರು ಹಮದಾನಿನ ಯೆಹೂದಿ ವಿದ್ವಾಂಸ ಮುಲ್ಲಾ ಲಾಲೆಜಾರ್. ವಿದ್ವದ್ವಲಯದಲ್ಲಿ ಅದರ ಪ್ರಭಾವ ಅತ್ಯಲ್ಪವಾಯಿತು. ಮುಖ್ಯ ಕಾರಣವೊಂದನ್ನು ಊಹಿಸಬಹುದು. ಇರಾನಿನ ನೆಲವು ತತ್ತ್ವಶಾಸ್ತ್ರಕ್ಕೆ ಬರಡಾಗಿರಲಿಲ್ಲ. ದೆಕಾರ್ತನ ಸಮಕಾಲೀನನಾದ ಮುಲ್ಲಾ ಸದ್ರಾ ಇರವೇ ಮೂಲಸತ್ಯವೆಂದು ಪ್ರತಿಪಾದಿಸಿದ್ದನು. ಅವನ ಪರಂಪರೆ ಆಗಲೂ ಜೀವಂತವಾಗಿತ್ತು. ಇರವಿನಿಂದಲೇ ಆರಂಭಿಸುವ ವಿದ್ವಾಂಸರಿಗೆ, ಸಂಶಯದಿಂದ ಹೊರಟು ತನ್ನ ಇರವನ್ನು ಸಾಧಿಸಿಕೊಳ್ಳುವ ದೆಕಾರ್ತನ ಪ್ರಯಾಸವೇಕೆಂಬುದು ಬರಿಯ ಅನುವಾದದಿಂದ ತಿಳಿಯುವಂತಿರಲಿಲ್ಲ.

ಈ ತೊಡಕನ್ನು ಮನಗಂಡವರು ಇರಾನಿನ ಪ್ರಧಾನಮಂತ್ರಿಯೂ ಆಗಿದ್ದ ಮೊಹಮ್ಮದ್ ಅಲಿ ಫರೂಘಿ. ಅದೇ ಪ್ರಬಂಧವನ್ನು ಅವರು ಹೊಸದಾಗಿ ಅನುವಾದಿಸಿದರು. ಹಿನ್ನೆಲೆಯಿಲ್ಲದೆ ಅದು ಓದುಗರಿಗೆ ದಕ್ಕದೆಂದು ಕಂಡು, ಗ್ರೀಕರಿಂದ ಮೊದಲ್ಗೊಂಡು ಯುರೋಪಿನ ತತ್ತ್ವಶಾಸ್ತ್ರದ ಚರಿತ್ರೆಯನ್ನೇ ಬರೆದರು. 'ಸೈರ್-ಎ ಹಿಕ್ಮತ್ ದರ್ ಉರೂಪಾ' ಎಂಬ ಈ ಗ್ರಂಥದ ಮೊದಲ ಸಂಪುಟವು ಆ ಅನುವಾದದೊಡನೆ 1931ರಲ್ಲಿ ಹೊರಬಂದಿತು. ಇಬ್ನ್ ಸೀನಾನ ಭೌತಶಾಸ್ತ್ರವನ್ನೂ ಫಾರಸಿಗೆ ತಂದ ಫರೂಘಿಯವರಿಗೆ ಹಳೆಯ ಪರಿಭಾಷೆಯ ಬಲವಿತ್ತು. ಹೊಸ ವಿಚಾರವನ್ನು ಆ ಪರಿಭಾಷೆಯ ನೆರೆಯಲ್ಲಿರಿಸಿ ವಿವರಿಸಿದುದರಿಂದಲೇ ಅವರ ಗ್ರಂಥವು ತಲೆಮಾರುಗಳವರೆಗೆ ಓದುಗರನ್ನು ಪಡೆಯಿತು.

ಪರನಾಡಿನಲ್ಲಿದ್ದು ಕನ್ನಡದಲ್ಲಿ ಬರೆಯುವ ನಾವು ಇದನ್ನು ಗಮನಿಸಬೇಕು. 'ಸತ್' ಎಂದೊಡನೆ ವೇದಾಂತದ ಅರ್ಥಭಾರವೂ ಜೊತೆಗೂಡುತ್ತದೆ. 'ಇರವು' ಎಂದರೆ ಆ ಭಾರ ಇಳಿಯುತ್ತದೆ, ಶಾಸ್ತ್ರದ ಬಿಗಿಯೂ ಸಡಿಲುತ್ತದೆ. ಯಾವ ಪದವನ್ನು ಆಯ್ದುಕೊಂಡರೂ, ಮೂಲದಲ್ಲಿ ಯಾವ ಪ್ರಶ್ನೆಗೆ ಉತ್ತರವಾಗಿ ಆ ವಿಚಾರ ಹುಟ್ಟಿತೆಂಬುದನ್ನು ಮೊದಲು ತಿಳಿಸಬೇಕು. ಇಲ್ಲವಾದರೆ ಪದ ಮಾತ್ರ ಕನ್ನಡಕ್ಕೆ ಬರುತ್ತದೆ. ವಿಚಾರ ಹೊರಗೇ ಉಳಿಯುತ್ತದೆ.