ಸ್ಪೀಕರ್ ತಂತಿಗೆ ಎಷ್ಟು ದುಡ್ಡು ಕೊಡಬೇಕು?

ಹೈದರಾಬಾದಿನ ಕೋಠಿಯಲ್ಲಿರುವ ಗುಜರಾತಿ ಗಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಹೆಸರಾದ ಪೇಟೆ. ಇಂಥ ಪೇಟೆಗಳಲ್ಲಿ ಸ್ಪೀಕರ್ ತಂತಿಯನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಹೈ-ಎಂಡ್ ಶೋರೂಮಿಗೆ ಹೋದರೆ ಒಂದು ಜೋಡಿ ಕೇಬಲ್‌ಗೆ ಲಕ್ಷ ದಾಟುವುದೂ ಉಂಟು. ಬೆಲೆಯ ಈ ಅಂತರ ಕಿವಿಗೆ ಕೇಳುತ್ತದೆಯೇ?

ಓಮ್‌ನ ನಿಯಮವನ್ನೇ ಕೇಳೋಣ. 2.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಆಂಪ್ಲಿಫೈಯರ್‌ನಿಂದ ಸ್ಪೀಕರಿಗೆ 5 ಮೀಟರ್ ದೂರವಿದ್ದರೆ, ಹೋಗಿಬರುವ 10 ಮೀಟರಿಗೆ ರೋಧ ಸುಮಾರು 0.07 ಓಮ್. 8 ಓಮ್ ಸ್ಪೀಕರಿನ ಮುಂದೆ ಇದು ಲೆಕ್ಕಕ್ಕಿಲ್ಲ, ಸದ್ದು ಒಂದು ಡೆಸಿಬಲ್‌ನ ಹತ್ತನೇ ಒಂದರಷ್ಟೂ ತಗ್ಗುವುದಿಲ್ಲ. 0.5 ಚದರ ಮಿಲಿಮೀಟರಿನ ಸಣ್ಣ ತಂತಿಯ ಕಥೆ ಬೇರೆ. ಅದರ ರೋಧ 0.34 ಓಮ್. ಸ್ಪೀಕರಿನ 8 ಓಮ್ ಎಂಬುದು ಹೆಸರಿಗಷ್ಟೇ. ಕೆಲವು ಸ್ವರಗಳಲ್ಲಿ ಅದು 3 ಓಮ್‌ಗೆ ಇಳಿಯುತ್ತದೆ, ಕೆಲವದರಲ್ಲಿ 20 ದಾಟುತ್ತದೆ. ಇಳಿದ ಕಡೆ ನಷ್ಟ ಹೆಚ್ಚು, ಏರಿದ ಕಡೆ ಕಡಿಮೆ. ಹಾಗಾಗಿ ಸಂಗೀತದ ಸಮತೋಲ ಸುಮಾರು 0.8 ಡೆಸಿಬಲ್‌ನಷ್ಟು ಓರೆಯಾಗುತ್ತದೆ. ಇಲ್ಲಿ ಕೆಲಸ ಮಾಡುವುದು ದಪ್ಪ ಮತ್ತು ಉದ್ದ, ಬ್ರ್ಯಾಂಡ್ ಅಲ್ಲ.

ಬೆಳ್ಳಿ ತಾಮ್ರಕ್ಕಿಂತ ಶೇಕಡ 6ರಷ್ಟು ಮಾತ್ರ ಉತ್ತಮ ವಾಹಕ. ತುಸು ದಪ್ಪದ ತಾಮ್ರ ಅದನ್ನು ಸರಿಗಟ್ಟುತ್ತದೆ. ಚಿನ್ನವಂತೂ ತಾಮ್ರಕ್ಕಿಂತ ಕಳಪೆ ವಾಹಕ. ಕಿಲುಬು ಹಿಡಿಯದ ಕಾರಣಕ್ಕೆ ಪ್ಲಗ್ಗಿನ ತುದಿಗೆ ಅದು ಒಳ್ಳೆಯದು.

ಕೇಬಲ್ ನಿಜಕ್ಕೂ ಮುಖ್ಯವಾಗುವ ಜಾಗವೊಂದಿದೆ, ಅದು ರೆಕಾರ್ಡ್ ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹೋಗುವ ಸಂಪರ್ಕ. ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನ ಸುರುಳಿಯೂ ಕೇಬಲ್ಲಿನ ಧಾರಕತೆಯೂ ಸೇರಿ ಒಂದು ಅನುರಣನ ಏಳುತ್ತದೆ. ಸುರುಳಿಯ ಪ್ರೇರಕತ್ವ ಅರ್ಧ ಹೆನ್ರಿ, ಒಟ್ಟು ಧಾರಕತೆ 250 ಪಿಕೊಫ್ಯಾರಡ್ ಇದ್ದರೆ ಅದು 14 ಸಾವಿರ ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಉದ್ದನೆಯ ಕೇಬಲ್ ಹಾಕಿ ಧಾರಕತೆ 500ಕ್ಕೇರಿದರೆ 10 ಸಾವಿರಕ್ಕೆ ಇಳಿದು, ಗಾಯಕಿಯ ಸಕಾರಗಳನ್ನೂ ತಾಳದ ಝಣಝಣವನ್ನೂ ಬದಲಿಸುತ್ತದೆ. ಕಡಿಮೆ ಧಾರಕತೆಯ, ಗಿಡ್ಡನೆಯ, ಚೆನ್ನಾಗಿ ಕವಚ ಹೊದಿಸಿದ ಕೇಬಲ್‌ಗೆ ಇಲ್ಲಿ ಹಣ ಕೊಡುವುದು ಸಾರ್ಥಕ.

2007ರಲ್ಲಿ ಅಮೆರಿಕದ ಜಾದೂಗಾರ, ಹುಸಿ ಚಮತ್ಕಾರಗಳನ್ನು ಬಯಲಿಗೆಳೆಯುತ್ತಿದ್ದ ಜೇಮ್ಸ್ ರ್‍ಯಾಂಡಿ, 7,250 ಡಾಲರ್ ಬೆಲೆಯ ಪೇರ್ ಕಂಪನಿಯ ಸ್ಪೀಕರ್ ಕೇಬಲ್ ಸಾಮಾನ್ಯ ತಂತಿಗಿಂತ ಮೇಲೆಂದು ಯಾವ ತಂತಿ ಎಂದು ತಿಳಿಸದ ಕುರುಡು ಪರೀಕ್ಷೆಯಲ್ಲಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವೆನೆಂದರು. ಆ ಹಣ ಯಾರ ಕೈಗೂ ಸೇರಲಿಲ್ಲ. ಕೇಳುಗರು ಸುಳ್ಳು ಹೇಳುತ್ತಾರೆಂದಲ್ಲ. ಸದ್ದು ಒಂದಿಷ್ಟು ಹೆಚ್ಚಾದರೂ ನಮ್ಮ ಕಿವಿ ಅದನ್ನು ‘ಉತ್ತಮ’ ಎಂದು ತಿಳಿಯುತ್ತದೆ; ಬೆಲೆ ಗೊತ್ತಿದ್ದರಂತೂ ಮನಸ್ಸೂ ಜೊತೆಗೂಡುತ್ತದೆ.

ಕೋಣೆಯ ಪ್ರಭಾವದ ಮುಂದೆ ತಂತಿ ಏನೂ ಅಲ್ಲ. ಹೈದರಾಬಾದಿನಲ್ಲೂ ಕಲಬುರಗಿಯಲ್ಲೂ ನೆಲಕ್ಕೆ ಶಹಾಬಾದ್ ಕಲ್ಲೋ ತಾಂಡೂರು ಕಲ್ಲೋ ಇರುವ ಮನೆಗಳು ಬಹಳ. ಬರಿಗೋಡೆ, ಬರಿಕಲ್ಲುಗಳಿಂದ ಪುಟಿದ ಧ್ವನಿ ಹಲವು ಡೆಸಿಬಲ್‌ಗಳ ಏರುಪೇರು ಮಾಡುತ್ತದೆ. ದಪ್ಪ ಜಮಖಾನೆ ಹಾಸಿ, ಪರದೆ ಇಳಿಬಿಟ್ಟು ಕೇಳಿ ನೋಡಿ.

ಐಎಸ್‌ಐ ಗುರುತಿನ 2.5 ಚದರ ಮಿಲಿಮೀಟರಿನ ಬಹುಎಳೆ ತಾಮ್ರದ ತಂತಿ ಕೊಳ್ಳಿ, ತುದಿಗಳನ್ನು ಬಿಗಿಯಾಗಿ ಕಟ್ಟಿ. ದುಬಾರಿ ಕೇಬಲ್ ಕೊಳ್ಳುವ ಮೊದಲು, ಸದ್ದಿನ ಮಟ್ಟ ಸಮ ಮಾಡಿ, ಕಾಣದಂತೆ ತಂತಿ ಬದಲಿಸಲು ಮನೆಯವರಿಗೆ ಹೇಳಿ. ನಿಮಗೆ ವ್ಯತ್ಯಾಸ ಗೊತ್ತಾಗದಿದ್ದರೆ ಆ ಹಣ ಸ್ಪೀಕರಿಗೆ ಹೋಗಲಿ.