ಬೆಳೆಯುವ ಹಂದಿಗಳ ಆಹಾರ: ಪ್ರೋಟೀನ್ ಮಿತಿಯಲ್ಲಿದೆ ಲಾಭದ ಗುಟ್ಟು

ಹಂದಿ ಸಾಕಾಣಿಕೆಯ ಒಟ್ಟು ವೆಚ್ಚದಲ್ಲಿ ಸುಮಾರು ಮೂರನೇ ಎರಡು ಭಾಗ ಆಹಾರಕ್ಕೇ ಸಲ್ಲುತ್ತದೆ. ಆ ಆಹಾರದ ಮುಖ್ಯ ಘಟಕಗಳಲ್ಲಿ ದುಬಾರಿಯಾದುದು ಸೋಯಾ ಹಿಂಡಿ. 2021ರಲ್ಲಿ ಇದರ ಬೆಲೆ ವಿಪರೀತ ಏರಿದಾಗ, ಕೇಂದ್ರ ಸರ್ಕಾರವು ಆ ವರ್ಷದ ಆಗಸ್ಟ್‌ನಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ನೀಡಬೇಕಾಯಿತು. 2019ರ ಜಾನುವಾರು ಗಣತಿಯಂತೆ ದೇಶದಲ್ಲಿದ್ದ ಹಂದಿಗಳ ಸಂಖ್ಯೆ ಸುಮಾರು 90.6 ಲಕ್ಷ; 2012ಕ್ಕೆ ಹೋಲಿಸಿದರೆ ಶೇ. 12ರಷ್ಟು ಇಳಿಕೆ. ಕುಗ್ಗುತ್ತಿರುವ ಉದ್ಯಮವೊಂದಕ್ಕೆ ಇಂತಹ ಬೆಲೆ ಏರಿಕೆ ಅಳಿವು ಉಳಿವಿನ ಪ್ರಶ್ನೆ. ಆದ್ದರಿಂದ ಆಹಾರ ತಯಾರಕರೂ ಸಾಕಾಣಿಕೆದಾರರೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇಷ್ಟೊಂದು ಪ್ರೋಟೀನ್ ನಿಜವಾಗಿಯೂ ಅಗತ್ಯವೇ?

ಹಂದಿಗೆ ಬೇಕಾದುದೇನು?

ಹಂದಿಯ ಮೈಯಲ್ಲಿ ಮಾಂಸ ಬೆಳೆಯಲು ಬೇಕಾದುದು ಪ್ರೋಟೀನಿನಲ್ಲಿರುವ ಅಮೈನೋ ಆಮ್ಲಗಳು. ಇವು ನಿರ್ದಿಷ್ಟ ಪ್ರಮಾಣದಲ್ಲಿ ಒಟ್ಟಿಗೆ ದೊರೆತಾಗ ಮಾತ್ರ ಪ್ರಯೋಜನ. ಇಟ್ಟಿಗೆ ಎಷ್ಟೇ ರಾಶಿ ಬಿದ್ದಿದ್ದರೂ ಸಿಮೆಂಟ್ ಮುಗಿದ ಮೇಲೆ ಗೋಡೆ ಏಳದು. ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯ ಮಿಶ್ರಣದಲ್ಲಿ ಮೊದಲು ಕೊರತೆ ಬೀಳುವುದು ಲೈಸಿನ್ ಎಂಬ ಅಮೈನೋ ಆಮ್ಲ. ಈ ಒಂದು ಕೊರತೆಯನ್ನು ತುಂಬಲು ನಾವು ಸೋಯಾ ಹಿಂಡಿಯನ್ನು ಹೆಚ್ಚಿಸುತ್ತೇವೆ. ಅದರೊಡನೆ ಬೇಡದ ಇತರ ಅಮೈನೋ ಆಮ್ಲಗಳೂ ಬಂದು ಸೇರುತ್ತವೆ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 1998ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ 20ರಿಂದ 50 ಕಿಲೋ ತೂಕದ ಹಂದಿಗೆ ಶೇ. 18, 50ರಿಂದ 80 ಕಿಲೋ ತೂಕದ ಹಂದಿಗೆ ಶೇ. 15.5 ಹಾಗೂ 80ರಿಂದ 120 ಕಿಲೋ ತೂಕದ ಹಂದಿಗೆ ಶೇ. 13.2ರಷ್ಟು ಪ್ರೋಟೀನ್ ಸೂಚಿಸಲಾಗಿದೆ. ತೂಕ ಏರಿದಂತೆ ಅಗತ್ಯ ಇಳಿಯುತ್ತದೆಂಬುದು ಇಲ್ಲಿ ಸ್ಪಷ್ಟ. ಮೊದಲಿನಿಂದ ಕೊನೆಯವರೆಗೆ ಒಂದೇ ಆಹಾರ ಹಾಕುವವರು ಇಲ್ಲಿಯೇ ಮೊದಲ ನಷ್ಟ ಅನುಭವಿಸುತ್ತಾರೆ. ಇದಲ್ಲದೆ, ಶುದ್ಧ ಲೈಸಿನ್ ಬೆರೆಸಿದರೆ ಈ ಮಟ್ಟಗಳನ್ನೂ ಸುಮಾರು 2 ಅಂಶಗಳಷ್ಟು ತಗ್ಗಿಸಬಹುದು, ಬೆಳವಣಿಗೆ ಕುಂಠಿತವಾಗುವುದಿಲ್ಲ.

ಲೆಕ್ಕಾಚಾರ

ಪ್ರಾಯೋಗಿಕ ಸೂತ್ರ ಸರಳವಾಗಿದೆ. ಒಂದು ಟನ್ ಆಹಾರದಲ್ಲಿ 50 ಕಿಲೋ ಸೋಯಾ ಹಿಂಡಿಯನ್ನು ತೆಗೆದು, ಅದರ ಬದಲು 48.5 ಕಿಲೋ ಮೆಕ್ಕೆಜೋಳ ಮತ್ತು 1.5 ಕಿಲೋ ಲೈಸಿನ್ ಹೈಡ್ರೋಕ್ಲೋರೈಡ್ ಸೇರಿಸುವುದು. ಉದಾಹರಣೆಗೆ ಕಿಲೋಗೆ ಸೋಯಾ ಹಿಂಡಿ 45 ರೂ., ಮೆಕ್ಕೆಜೋಳ 24 ರೂ., ಲೈಸಿನ್ 180 ರೂ. ಎಂದಿಟ್ಟುಕೊಳ್ಳೋಣ. ತೆಗೆದ ಹಿಂಡಿಯ ಬೆಲೆ 2,250 ರೂ.; ಸೇರಿಸಿದ ಪದಾರ್ಥಗಳ ಬೆಲೆ 1,434 ರೂ. ಟನ್ನಿಗೆ ಉಳಿತಾಯ 816 ರೂ. ಒಂದು ಕಿಲೋ ತೂಕ ಏರಲು 3 ಕಿಲೋ ಆಹಾರ ಬೇಕೆಂದರೆ, 20 ಕಿಲೋದಿಂದ 100 ಕಿಲೋ ತಲಪುವಷ್ಟರಲ್ಲಿ ಒಂದು ಹಂದಿ ತಿನ್ನುವುದು 240 ಕಿಲೋ. ಹಾಗಾಗಿ ಹಂದಿಯೊಂದಕ್ಕೆ ಉಳಿಯುವುದು ಸುಮಾರು 200 ರೂ.

ಈ ಮೊತ್ತ ಸ್ಥಿರವಲ್ಲ. ದಾವಣಗೆರೆ, ಹಾವೇರಿಗಳ ಮೆಕ್ಕೆಜೋಳದ ದರ ಏರಿದರೆ ಉಳಿತಾಯ ಇಳಿಯುತ್ತದೆ. ಲೈಸಿನ್ ಬಹುಪಾಲು ಆಮದಾಗುವುದರಿಂದ ಡಾಲರ್ ವಿನಿಮಯ ದರವೂ ಪರಿಣಾಮ ಬೀರುತ್ತದೆ. ಆದುದರಿಂದ ಪ್ರತಿ ಖರೀದಿಗೂ ಮುನ್ನ ಲೆಕ್ಕವನ್ನು ಹೊಸದಾಗಿ ಹಾಕುವುದು ಒಳಿತು.

ಹೊಂಡಕ್ಕೆ ಸೇರುವ ಹಣ

ಹಂದಿ ಬಳಸದ ಪ್ರೋಟೀನ್ ದೇಹದಲ್ಲಿ ಉಳಿಯದು. ಅದರ ಸಾರಜನಕ ಯೂರಿಯಾ ರೂಪದಲ್ಲಿ ಮೂತ್ರಕ್ಕೆ ಸೇರಿ, ಬಳಿಕ ಅಮೋನಿಯಾ ಆಗಿ ಕೊಟ್ಟಿಗೆಯ ದುರ್ವಾಸನೆಗೆ ಕಾರಣವಾಗುತ್ತದೆ. ಆಹಾರದ ಪ್ರೋಟೀನ್ ಶೇ. 18ರಿಂದ 16ಕ್ಕೆ ಇಳಿದರೆ, ಟನ್ನಿಗೆ 20 ಕಿಲೋ ಪ್ರೋಟೀನ್, ಅಂದರೆ 3.2 ಕಿಲೋ ಸಾರಜನಕ ಕಡಿಮೆಯಾಗುತ್ತದೆ. ಕೊಟ್ಟಿಗೆಯ ತ್ಯಾಜ್ಯದಲ್ಲಿಯೂ ಅಷ್ಟೇ ಇಳಿಕೆ.

ಇದರ ಮಹತ್ವವನ್ನು ಗವಿಪುರಂ ನಿವಾಸಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಂಪೇಗೌಡರ ಕಾಲದ ಕೆಂಪಾಂಬುಧಿ ಕೆರೆಗೆ ಒಳಚರಂಡಿ ನೀರು ಸೇರಿದಾಗ ಏನಾಯಿತೆಂಬುದನ್ನು ಅವರು ಕಂಡವರು. ವೃಷಭಾವತಿಯ ಹರಿವಿನಲ್ಲಿ ಬಿಡದಿ ಸಮೀಪದ ಬೈರಮಂಗಲ ಕೆರೆಯ ಸ್ಥಿತಿಯೂ ಎಲ್ಲರಿಗೂ ತಿಳಿದದ್ದೇ. ಅಲ್ಲಿಯ ಮಾಲಿನ್ಯ ನಗರದ್ದು, ಹಂದಿ ಸಾಕಾಣಿಕೆಯದಲ್ಲ. ಆದರೆ ಸಾರಜನಕ ಎಲ್ಲಿಂದ ಬಂದರೂ ನೀರಿಗೆ ಮಾಡುವ ಹಾನಿ ಒಂದೇ. ನೆರೆಹೊರೆಯವರ ವಿರೋಧದಿಂದ ಜಾಗ ಬದಲಿಸಬೇಕಾದ ಸಾಕಾಣಿಕೆದಾರರಿಗೆ ದುರ್ವಾಸನೆ ತಗ್ಗುವುದು ಸಣ್ಣ ಲಾಭವೇನಲ್ಲ.

ಎಚ್ಚರಿಕೆಯ ಮಾತು

ಲೈಸಿನ್ ಸೇರಿಸದೆ ಹಿಂಡಿಯನ್ನಷ್ಟೇ ಕಡಿತಗೊಳಿಸಿದರೆ ಬೆಳವಣಿಗೆ ನಿಧಾನವಾಗಿ, ಮಾಂಸದ ಬದಲು ಕೊಬ್ಬು ಹೆಚ್ಚುತ್ತದೆ. 2 ಅಂಶಗಳಿಗಿಂತ ಕೆಳಗಿಳಿಯುವವರು ಥ್ರಿಯೋನಿನ್, ಮೆಥಿಯೋನಿನ್ ಮತ್ತು ಟ್ರಿಪ್ಟೋಫಾನ್‌ಗಳನ್ನೂ ಸರಿದೂಗಿಸಬೇಕು. ಟನ್ನಿಗೆ ಒಂದೂವರೆ ಕಿಲೋ ಪುಡಿ ಸಮನಾಗಿ ಹರಡಬೇಕಾದರೆ, ಅದನ್ನು ಮೊದಲು ಕೆಲವು ಕಿಲೋ ಜೋಳದ ನುಚ್ಚಿನಲ್ಲಿ ಬೆರೆಸಿಕೊಂಡು ನಂತರ ಒಟ್ಟು ಮಿಶ್ರಣಕ್ಕೆ ಸೇರಿಸಬೇಕು.

ಹೋಟೆಲ್ ಮುಸುರೆಯನ್ನೇ ನಂಬಿದವರಿಗೆ ಈ ಸೂತ್ರ ಅನ್ವಯಿಸದು. ಅನ್ನವೇ ಹೆಚ್ಚಿರುವ ಮುಸುರೆಯಲ್ಲಿ ಲೈಸಿನ್ ಕೊರತೆ ಸಹಜ. ಅದರ ಪ್ರೋಟೀನ್ ದಿನದಿನಕ್ಕೂ ಬದಲಾಗುತ್ತದೆ. ಜೊತೆಗೆ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಭಾರತಕ್ಕೆ ಮೊದಲು ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ, ಸರಿಯಾಗಿ ಕುದಿಸದ ಮುಸುರೆಯ ಮೂಲಕವೂ ಹರಡಬಲ್ಲದು.

ಪಶು ಪೋಷಣೆಯ ಸಂಶೋಧನೆಗಾಗಿ 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಯು ನಮ್ಮ ಆಡುಗೋಡಿಯಲ್ಲಿಯೇ ಇದೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಆಹಾರ ಉದ್ಯಮದಲ್ಲಿರುವ ಸದಸ್ಯರು ತಜ್ಞರ ಸಲಹೆ ಪಡೆದು, ಮೊದಲು ಒಂದು ಕೊಟ್ಟಿಗೆಯಲ್ಲಿ ಈ ಮಿಶ್ರಣವನ್ನು ಹಾಕಿ, ಪ್ರತಿ ಹದಿನೈದು ದಿನಕ್ಕೊಮ್ಮೆ ಹಂದಿಗಳನ್ನು ತೂಗಿ ನೋಡುವುದು ಲೇಸು. ತಕ್ಕಡಿ ಸಮ್ಮತಿಸಿದರೆ ಉಳಿದ ಕೊಟ್ಟಿಗೆಗಳಿಗೂ ಧೈರ್ಯವಾಗಿ ವಿಸ್ತರಿಸಬಹುದು.