ಕೂಸು ಬೋರಲಾಗಲು ಕಲಿತ ಮೇಲೆ

ಕೂಸು ಮೊದಲ ಬಾರಿ ತಾನಾಗಿಯೇ ಬೋರಲು ಬಿದ್ದ ದಿನ ಮನೆಯಲ್ಲಿ ಒಂದು ಸಣ್ಣ ಹಬ್ಬವೇ ನಡೆಯುತ್ತದೆ. ಅಜ್ಜಿ ನೆರೆಮನೆಯವರನ್ನು ಕರೆದು ತೋರಿಸುತ್ತಾರೆ. ಕೆಲವು ಮನೆಗಳಲ್ಲಿ ಸಿಹಿ ಮಾಡಿ ಹಂಚುವುದೂ ಉಂಟು. ಆದರೆ ಅದೇ ರಾತ್ರಿಯಿಂದ ತಾಯಿಗೆ ಹೊಸದೊಂದು ಚಿಂತೆ ತಗಲಿಕೊಳ್ಳುತ್ತದೆ.

ನಮಗೆ ಪರಿಚಿತವಾದ ಮನೆಯೊಂದರಲ್ಲಿ 5 ತಿಂಗಳ ಮಗುವಿನ ತಾಯಿ ಎರಡು ವಾರ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಅಂಗಾತ ಮಲಗಿಸಿದ ಮಗು ಅರ್ಧ ತಾಸಿನಲ್ಲಿ ಬೋರಲಾಗುತ್ತಿತ್ತು. ಆಕೆ ಎದ್ದು ತಿರುಗಿಸುತ್ತಿದ್ದಳು. ಮಗು ಮತ್ತೆ ಬೋರಲಾಗುತ್ತಿತ್ತು. "ಬಿಡವ್ವ, ಕೂಸು ತನಗೆ ಹಿತವಾದಂತೆ ಮಲಗುತ್ತದೆ" ಎಂದು ಅತ್ತೆ ಹೇಳಿದರೂ ಆಕೆಗೆ ಧೈರ್ಯ ಸಾಲದು. ಮಗು ಉರುಳದಿರಲೆಂದು ಅತ್ತೆಯವರೇ ಎರಡೂ ಬದಿಗೆ ಮೆತ್ತನೆಯ ದಿಂಬುಗಳನ್ನು ಒತ್ತಿಡುತ್ತಿದ್ದರು. ಯಾರ ನಡೆ ಸರಿಯೆಂದು ಇಬ್ಬರೂ ನಮ್ಮನ್ನು ಕೇಳಿದರು. ಈ ಪ್ರಶ್ನೆ ಅನೇಕ ಮನೆಗಳದ್ದಾಗಿರುವುದರಿಂದ ಉತ್ತರವನ್ನು ಇಲ್ಲಿ ತುಸು ವಿವರವಾಗಿ ತಿಳಿಸಬಯಸುತ್ತೇವೆ.

ಅಂಗಾತವೇ ಏಕೆ?

ಮಗುವನ್ನು ಬೋರಲು ಮಲಗಿಸಿದರೆ ಕಕ್ಕಿದ ಹಾಲು ಹೊರಗೆ ಹರಿದುಹೋಗುತ್ತದೆ, ಅಂಗಾತ ಮಲಗಿಸಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬ ನಂಬಿಕೆ ಹಿಂದಿನಿಂದಲೂ ಇದೆ. ಇದು ನಮ್ಮ ಅಜ್ಜಿಯಂದಿರ ನಂಬಿಕೆ ಮಾತ್ರವಾಗಿರಲಿಲ್ಲ. ಅಮೆರಿಕದ ಪ್ರಸಿದ್ಧ ಶಿಶುವೈದ್ಯ ಬೆಂಜಮಿನ್ ಸ್ಪಾಕ್ ಅವರ ಗ್ರಂಥದ 1958ರ ಆವೃತ್ತಿಯೂ ಬೋರಲು ಮಲಗಿಸುವುದೇ ಮೇಲೆಂದು ಹೇಳಿತ್ತು. ಮುಂದೆ ಹಲವು ದೇಶಗಳ ವೈದ್ಯರು ನಿದ್ದೆಯಲ್ಲಿಯೇ ಹಠಾತ್ತನೆ ಮೃತಪಟ್ಟ ಶಿಶುಗಳ ವಿವರಗಳನ್ನು ಕಲೆಹಾಕಿ ನೋಡಿದಾಗ, ಬೋರಲು ಮಲಗಿದ ಮಕ್ಕಳಲ್ಲಿ ಈ ಮರಣಗಳು ಹೆಚ್ಚೆಂದು ತಿಳಿದುಬಂದಿತು. ಬ್ರಿಟನ್ನಿನಲ್ಲಿ 1991ರಲ್ಲಿಯೂ ಅಮೆರಿಕದಲ್ಲಿ 1994ರಲ್ಲಿಯೂ ಮಕ್ಕಳನ್ನು ಅಂಗಾತ ಮಲಗಿಸಿರೆಂಬ ಪ್ರಚಾರ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಆ ದೇಶಗಳಲ್ಲಿ ಇಂತಹ ಮರಣಗಳು ಸುಮಾರು ಅರ್ಧಕ್ಕೆ ಇಳಿದವು.

ಹಾಗಾದರೆ ಕಕ್ಕಿದ ಹಾಲಿನ ಗತಿ? ಅಂಗಾತ ಮಲಗಿದಾಗ ಶ್ವಾಸನಾಳವು ಅನ್ನನಾಳದ ಮೇಲ್ಭಾಗದಲ್ಲಿರುತ್ತದೆ. ಮೇಲೆ ಬಂದ ಹಾಲು ಶ್ವಾಸನಾಳವನ್ನು ಸೇರಬೇಕಾದರೆ ಮೇಲಕ್ಕೆ ಏರಬೇಕು, ಅದು ಸುಲಭವಲ್ಲ. ಬೋರಲು ಮಲಗಿದಾಗ ಈ ಸ್ಥಾನಗಳು ಅದಲುಬದಲಾಗುತ್ತವೆ. ಇನ್ನು ಮಗ್ಗುಲಾಗಿ ಮಲಗಿಸಿದ ಮಗು ಸುಲಭವಾಗಿ ಬೋರಲಿಗೆ ಜಾರುವುದರಿಂದ ಅದೂ ತಕ್ಕುದಲ್ಲ. ಹೀಗಾಗಿ ಒಂದು ವರ್ಷ ತುಂಬುವವರೆಗೆ ಹಗಲಾಗಲಿ ಇರುಳಾಗಲಿ, ಮಲಗಿಸುವಾಗಲೆಲ್ಲ ಅಂಗಾತವೇ ಮಲಗಿಸಬೇಕು. ವಿಶೇಷ ಕಾಯಿಲೆಯುಳ್ಳ ಮಗುವಾದರೆ ಅದರ ವೈದ್ಯರ ಮಾತೇ ಪ್ರಮಾಣ.

ತಾನಾಗಿ ಮಗುಚಿಕೊಂಡರೆ?

ಮಗು ಅಂಗಾತದಿಂದ ಬೋರಲಿಗೂ, ಬೋರಲಿನಿಂದ ಅಂಗಾತಕ್ಕೂ ಎರಡೂ ಕಡೆಗೆ ತಾನಾಗಿ ಸಲೀಸಾಗಿ ತಿರುಗಬಲ್ಲದಾದರೆ, ನಿದ್ದೆಯಲ್ಲಿ ಅದು ತಿರುಗಿಕೊಂಡ ಭಂಗಿಯಲ್ಲಿಯೇ ಬಿಡಬಹುದು. ಇರುಳೆಲ್ಲ ಎದ್ದು ತಿರುಗಿಸುವ ಅಗತ್ಯವಿಲ್ಲ. ಬೋರಲಾಗುವುದು ಮಾತ್ರ ಬಂದು, ಮರಳಿ ತಿರುಗಲು ಇನ್ನೂ ಬಾರದ ಮಗುವನ್ನು ಕಂಡಾಗ ಮೆಲ್ಲನೆ ಅಂಗಾತ ತಿರುಗಿಸುವುದು ಲೇಸು. ಈ ಅವಧಿ ಸಾಮಾನ್ಯವಾಗಿ ಹೆಚ್ಚು ದಿನ ಇರುವುದಿಲ್ಲ.

ಮಗು ತಿರುಗುವ ಯತ್ನ ತೋರಿದ ಕೂಡಲೇ ಅರಿವೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದನ್ನು ನಿಲ್ಲಿಸಬೇಕು. ಕೈಗಳು ಸುತ್ತಿನೊಳಗೆ ಸಿಕ್ಕಿರುವ ಮಗು ಬೋರಲಾದರೆ ಅದಕ್ಕೆ ಮುಖವೆತ್ತಲು ಆಸರೆಯಿರುವುದಿಲ್ಲ.

ಕಾಯಬೇಕಾದುದು ಹಾಸಿಗೆಯನ್ನು

ಮಗು ಚಲಿಸಲು ಕಲಿತ ಮೇಲೆ ಹಿರಿಯರ ಎಚ್ಚರ ಹಾಸಿಗೆಯ ಕಡೆಗೆ ಹೊರಳಬೇಕು. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 24 ರಾಜ್ಯಗಳಲ್ಲಿ ನಿದ್ದೆಯಲ್ಲಿ ಸಂಭವಿಸಿದ 8 ಸಾವಿರಕ್ಕೂ ಹೆಚ್ಚು ಶಿಶುಮರಣಗಳನ್ನು ಪರಿಶೀಲಿಸಿತು. 4 ತಿಂಗಳು ತುಂಬದ ಕೂಸುಗಳ ಮರಣದಲ್ಲಿ ದೊಡ್ಡವರೊಡನೆ ಒಂದೇ ಹಾಸಿಗೆಯಲ್ಲಿ ಮಲಗಿದ್ದುದು ಹೆಚ್ಚಾಗಿ ಕಂಡುಬಂದರೆ, ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಉರುಳಿ ಬೋರಲಾಗಿ, ಹಾಸಿಗೆಯಲ್ಲಿದ್ದ ಹೊದಿಕೆ ಅಥವಾ ದಿಂಬಿನಂತಹ ವಸ್ತುಗಳಿಗೆ ಸಿಲುಕಿದ್ದುದು ಹೆಚ್ಚಾಗಿ ಕಂಡಿತು. ಮಗುವಿನ ರಕ್ಷಣೆಗೆಂದು ಪ್ರೀತಿಯಿಂದ ಇಟ್ಟ ದಿಂಬೇ ಅದರ ಉಸಿರಿಗೆ ಅಡ್ಡಿಯಾಗಬಹುದೆಂಬುದನ್ನು ನಾವು ಮರೆಯಬಾರದು.

ಆದುದರಿಂದ ಹಾಸಿಗೆ ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಲಿ. ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಮಡಿಸಿದ ಕೌದಿಯನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಹಾಸುವ ನಮ್ಮ ಹಳೆಯ ಕ್ರಮ ಕುಸಿಯುವ ಮೆತ್ತೆಗಿಂತ ಎಷ್ಟೋ ಮೇಲು. ಮಂಚದಿಂದ ಬೀಳುವ ಭಯವೂ ಇಲ್ಲ. ಒಂದು ವರ್ಷದವರೆಗೆ ಮಗುವಿಗೆ ದಿಂಬು ಬೇಕಿಲ್ಲ, ಸಾಸಿವೆಯ ದಿಂಬೂ ಬೇಕಿಲ್ಲ. ಸಡಿಲವಾದ ರಗ್ಗು, ಮೆತ್ತನೆಯ ಗೊಂಬೆ, ತಾಯಿಯ ಸೀರೆಯ ಸೆರಗು ಮಗುವಿನ ಮುಖದ ಬಳಿ ಇರಕೂಡದು. ಮಂಚ ಮತ್ತು ಗೋಡೆಯ ನಡುವಿನ ಸಂದಿನಲ್ಲಿ ಉರುಳಿದ ಮಗು ಸಿಕ್ಕಿಕೊಳ್ಳಬಹುದು. ಕೊಡೆಯಂತೆ ಬಿಚ್ಚುವ ಸೊಳ್ಳೆಪರದೆ ಚಿಕ್ಕದಾಗಿದ್ದರೆ ಉರುಳುವ ಮಗುವಿನ ಮುಖ ಬಲೆಗೆ ಒತ್ತಿಕೊಳ್ಳುತ್ತದೆ; ಇಡೀ ಹಾಸಿಗೆಗೆ ಎತ್ತರವಾಗಿ ಕಟ್ಟಿ, ಅಂಚುಗಳನ್ನು ಹಾಸಿಗೆಯ ಕೆಳಗೆ ಸೇರಿಸುವ ಪರದೆ ಉತ್ತಮ.

ತಾಯಿ ಮಗು ಒಂದೇ ಕೋಣೆಯಲ್ಲಿ ಮಲಗುವುದು ಒಳ್ಳೆಯದು. ಆದರೆ ತಾಯಿಯ ಪಕ್ಕದಲ್ಲಿ, ಕೈಗೆಟುಕುವಷ್ಟು ಹತ್ತಿರದಲ್ಲಿ, ಮಗುವಿಗೆ ಬೇರೆ ಹಾಸಿಗೆಯಿದ್ದರೆ ಹೆಚ್ಚು ಕ್ಷೇಮ. ಸೋಫಾದ ಮೇಲೆ ಮಗುವನ್ನು ಎದೆಗವಚಿಕೊಂಡು ನಿದ್ದೆಹೋಗುವುದು ಬಹಳ ಅಪಾಯಕರ.

ತೊಟ್ಟಿಲು ಮತ್ತು ಜೋಲಿ

ಸೀರೆಯ ಜೋಲಿಯಲ್ಲಿ ಮಗುವಿನ ಬೆನ್ನು ಬಾಗಿ, ಗಲ್ಲ ಎದೆಗೆ ತಾಗಿ ಉಸಿರಾಟಕ್ಕೆ ತೊಡಕಾಗಬಹುದು. ಮಗುಚಿಕೊಳ್ಳುವ ಮಗುವಿಗಂತೂ ಅರಿವೆಯ ಮಡಿಕೆಯಲ್ಲಿ ಮುಖ ಹುದುಗುವ, ಹೊರಗೆ ಬೀಳುವ ಭಯ ಬೇರೆ. ಬೋರಲಾಗಲು ಕಲಿತ ಮಗುವಿಗೆ ಜೋಲಿಯ ನಿದ್ದೆ ಬೇಡ. ತೂಗಿ ನಿದ್ದೆ ಬಂದೊಡನೆ ಸಮತಟ್ಟಾದ ಹಾಸಿಗೆಗೆ ಸಾಗಿಸಿರಿ. ಮರದ ತೊಟ್ಟಿಲಾದರೆ ತಳ ಗಟ್ಟಿಯಾಗಿರಲಿ. ಮಗು ಎದ್ದು ಕೂರಲು, ಅಂಚು ಹಿಡಿಯಲು ತೊಡಗಿದಾಗ ಅದನ್ನೂ ಬಿಡಿಸಬೇಕು.

ಕೊರಳಿನ ದಾರ, ಬೆವರು, ಹೊಗೆ

ತಾಯಿತ, ಕರಿದಾರ, ಚಿನ್ನದ ಸರ ಯಾವುದೇ ಇರಲಿ, ಹೊರಳಾಡುವ ಮಗುವಿನ ಕೊರಳಿಗೆ ಅದು ಸುತ್ತಿಕೊಳ್ಳಬಹುದು. ನಿದ್ದೆಯ ಹೊತ್ತಿನಲ್ಲಿ ತೆಗೆದಿಡಬೇಕು. ಲಿಂಗಧಾರಣೆಯಾದ ಶಿಶುವಿನ ಶಿವದಾರದ ವಿಷಯದಲ್ಲಿಯೂ ಮನೆಯವರು ಗುರುಗಳೊಡನೆ ಸಮಾಲೋಚಿಸಿ, ನಿದ್ದೆಯ ವೇಳೆ ಅದು ಕೊರಳಲ್ಲಿರದಂತೆ ಏರ್ಪಾಡು ಮಾಡಿಕೊಳ್ಳುವುದು ಉಚಿತ.

ಚಳಿಯೆಂದು ಸ್ವೆಟರು, ಕುಲಾವಿ, ಕಾಲುಚೀಲಗಳನ್ನು ಹೇರುವುದೂ ತರವಲ್ಲ. ಮಗುವಿನ ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ; ಬೆವರಿದ್ದರೆ ಬಟ್ಟೆ ಹೆಚ್ಚಾಯಿತೆಂದೇ ಅರ್ಥ. ಮನೆಯೊಳಗೆ ಬೀಡಿ ಸಿಗರೇಟು ಸೇದುವುದನ್ನು ಗಂಡಸರು ಬಿಡಲೇಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವುದು ಮಗುವಿಗಷ್ಟೇ ಅಲ್ಲ, ಬಾಣಂತಿಗೂ ಪ್ರಾಣಾಪಾಯಕರ. ಎದೆಹಾಲು ಕುಡಿಯುವ ಮಕ್ಕಳಲ್ಲಿ ಹಠಾತ್ ಮರಣ ಕಡಿಮೆಯೆಂಬುದು ಸಮಾಧಾನದ ಸಂಗತಿ.

ಎಚ್ಚರದಲ್ಲಿ ಬೋರಲಾಟ

ಹಗಲಿನಲ್ಲಿ ಮಗು ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರಿನಲ್ಲಿ, ದಿನಕ್ಕೆ ಹಲವು ಸಲ ಬೋರಲು ಮಲಗಿಸಿ ಆಡಿಸಬೇಕು. ಇದರಿಂದ ಕತ್ತು, ಭುಜ, ತೋಳುಗಳು ಬಲಿಯುತ್ತವೆ. ಮಗು ಬೇಗನೆ ಎರಡೂ ಕಡೆ ತಿರುಗಲು ಕಲಿಯುತ್ತದೆ. ಅಂಗಾತ ಮಲಗಿ ತಲೆಯ ಹಿಂಭಾಗ ಚಪ್ಪಟೆಯಾಗುವುದೂ ತಪ್ಪುತ್ತದೆ.

ಕೊನೆಯದಾಗಿ ಒಂದು ಮುಖ್ಯ ಮಾತು. ಸದಾ ಅಂಗಾತ ಮಲಗಿ ರೂಢಿಯಾದ ಮಗುವನ್ನು ಬೇರೊಬ್ಬರು ಒಮ್ಮೆ ಬೋರಲು ಮಲಗಿಸಿದರೆ ಅಪಾಯ ಇನ್ನೂ ಹೆಚ್ಚೆಂದು ಸಂಶೋಧನೆಗಳು ತೋರಿಸಿವೆ. ಆದುದರಿಂದ ತಾಯಿ, ಅಜ್ಜಿ, ಚಿಕ್ಕಮ್ಮ, ಮಗುವನ್ನು ನೋಡಿಕೊಳ್ಳಲು ಬರುವ ಹೆಣ್ಣುಮಗಳು, ಎಲ್ಲರೂ ಒಂದೇ ಕ್ರಮವನ್ನು ಪಾಲಿಸಬೇಕು. ಇದು ಸೊಸೆಯ ಗೆಲುವು ಅತ್ತೆಯ ಸೋಲೆಂದು ಯಾರೂ ಎಣಿಸಬಾರದು.

ನಾವು ಮೇಲೆ ಹೇಳಿದ ಮನೆಯಲ್ಲಿ ಮಗು ಎರಡೂ ಕಡೆ ತಿರುಗುವುದನ್ನು ಎಲ್ಲರೂ ಕೂಡಿ ನೋಡಿದರು. ಅತ್ತೆ ತಾವೇ ದಿಂಬುಗಳನ್ನು ಎತ್ತಿ ಅಟ್ಟಕ್ಕೆ ಹಾಕಿದರು. ನೆಲದ ಮೇಲೆ ಬಿಗಿಯಾದ ಹಾಸಿಗೆ ಸಿದ್ಧವಾಯಿತು. ಸೊಸೆ ಮಗುವನ್ನು ಅಂಗಾತ ಮಲಗಿಸಿ, ಪಕ್ಕದಲ್ಲಿಯೇ ತಾನೂ ಮಲಗಿದಳು. ಅಂದಿನ ರಾತ್ರಿ ಮಗುವಿನ ಜೊತೆಗೆ ತಾಯಿಯೂ ನಿದ್ದೆ ಮಾಡಿದಳು.